ಅಡುಗೆಮನೆಯಲ್ಲಿ ಟ್ಯಾನರ್ಸ್ ತಂಡ

ಮೇ 4

ಈ ದಿನಚರಿ ಪುಸ್ತಕ ನಾನು ಕೊಂಡದ್ದಲ್ಲ. ವೆಂಡೆಲ್‌ಗೆ ಮಾತು ಕಲಿಸಲು ಆಸ್ಪತ್ರೆಯಿಂದ ಬರುವ ನಾದಿಯಾ ಎಂಬ ಹುಡುಗಿ ತಂದುಕೊಟ್ಟಳು. "ನಿಮ್ಮ ಸಿಟ್ಟನ್ನ ಇದರಲ್ಲಿ ಇಳಿಸಿ ಮಿಸೆಸ್ ಕುಬಿಯಾಕ್, ಇಲ್ಲಾಂದ್ರೆ ಅವರ ಮೇಲೆ ಇಳಿಸ್ತೀರ" ಅಂದಳು. ನನಗೆಲ್ಲಿಯ ಸಿಟ್ಟು? ಸಿಟ್ಟು ಮಾಡಿಕೊಳ್ಳುವುದಕ್ಕೆ ನನಗೆ ಪುರುಸೊತ್ತಾದರೂ ಎಲ್ಲಿದೆ?

ಫೆಬ್ರವರಿಯಲ್ಲಿ ಬಾಗಿಲ ಮುಂದಿನ ಹಿಮ ಎತ್ತುತ್ತಿದ್ದ ನನ್ನ ಗಂಡ ಸಲಿಕೆಯ ಪಕ್ಕದಲ್ಲೇ ಕುಸಿದು ಬಿದ್ದ. ಪಾರ್ಶ್ವವಾಯು. ಈಗ ಕೋಲೂರಿ ನಡೆಯುತ್ತಾನೆ, ಎಡಗೈಯಲ್ಲಿ ತಿನ್ನುತ್ತಾನೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ. ಮಾತು ಮಾತ್ರ ಬಾರದು. ಉಳಿದಿರುವುದು ಮೂರೇ ಮೂರು: "ಹೌದು", "ಅದು... ಅದು", ಮತ್ತೆ "ಹಾಳಾಗ್ಹೋಗ್ಲಿ". ಮೂರನೆಯದು ಬಹಳ ಸ್ಪಷ್ಟವಾಗಿ ಬರುತ್ತದೆ. ಮೊನ್ನೆ ಪಾದ್ರಿಗಳು ಪ್ರಸಾದ ಕೊಡಲು ಬಂದಾಗ ಅದನ್ನೇ ಅಂದ. ನಾನು ನೆಲ ನೋಡುತ್ತಾ ನಿಂತೆ.

ನಾನು ಅವನಿಗೆ "ಅದು... ಅದು". ಉಪ್ಪಿನ ಡಬ್ಬಿಯೂ "ಅದು... ಅದು". ಇಬ್ಬರಿಗೂ ಒಂದೇ ಹೆಸರು.

ಮೇ 9

ಇದೊಂದು ಬಾಕಿಯಿತ್ತು ನೋಡಿ! ಬೇಸ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಗ್ಯಾರೆಟ್ ಬಂದಿದ್ದ. ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ, ಇಡೀ ಊರಿಗೆ ಬುದ್ಧಿ ಹೇಳುವವನ ಹಾಗೆ ಸೋಫಾದ ತುದಿಯಲ್ಲಿ ಕೂತ.

ವಿಷಯ ಏನೆಂದರೆ, ನಮ್ಮ ಹ್ಯಾಲೆಟ್ ಟ್ಯಾನರ್ಸ್ ತಂಡಕ್ಕೆ ಇದು ಆ ಹೆಸರಿನ ಕಡೆಯ ವರ್ಷ. ಊರಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳಿದ್ದ ಕಾಲಕ್ಕೆ ಇಟ್ಟ ಹೆಸರದು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಹೊಸ ಹೆಸರಿಗೆ ಊರವರ ಓಟು ಕೇಳಿದರಂತೆ. ನಮ್ಮೂರ ಪುಣ್ಯಾತ್ಮರು ತಮಾಷೆಗೆಂದು ನಾತ ಹೊಡೆಯುವ ಲಿಂಬರ್ಗರ್ ಚೀಸಿಗೆ ಓಟು ಒತ್ತಿದರು. ಅದೇ ಗೆದ್ದಿತು. ಮುಂದಿನ ವರ್ಷದಿಂದ ತಂಡ 'ಹ್ಯಾಲೆಟ್ ಲಿಂಬರ್ಗರ್ಸ್'. ಟೋಪಿಯ ಮೇಲೆ ಮೂಗು ಮುಚ್ಚಿಕೊಂಡ ಚೀಸಿನ ತುಂಡಿನ ಚಿತ್ರ.

"ಸೆಪ್ಟೆಂಬರಲ್ಲಿ ಟ್ಯಾನರ್ಸ್ ಹೆಸರಿನ ಕೊನೇ ಮ್ಯಾಚು" ಅಂದ ಗ್ಯಾರೆಟ್. "ಅವತ್ತು ತಂಡದ ಚರಿತ್ರೆ ಪುಸ್ತಕ ಹಂಚ್ಬೇಕು. ವೆಂಡೆಲ್ ಬರ್ಕೊಡ್ತೀನಿ ಅಂದಿದ್ರು. ಕ್ಲಬ್ಬಿನ ಹಳೇ ಕಾಗದ ಎಲ್ಲ ನೆಲಮಾಳಿಗೇಲಿ ನೀರು ನುಗ್ಗಿ ಹೋಯ್ತಲ್ಲ. ಈಗ ಇರೋದು ಅವರ ತಲೇಲೇ."

"ತಲೇಲಿ ಇದೆಯಪ್ಪ. ಬಾಯಿಗೆ ಬರಲ್ಲ" ಅಂದೆ.

"ನೀವೇ ಕೇಳಿ ಬರೆದ್ಬಿಡಿ. ಮತ್ತೆ ಇನ್ನೊಂದು... ಅವತ್ತು ಮೊದಲನೇ ಬ್ಯಾಟುಗಾರನ ಹೆಸರನ್ನ, ಇಷ್ಟು ವರ್ಷ ಕೂಗಿದ ಹಾಗೆ, ಮೈಕಲ್ಲಿ ವೆಂಡೆಲ್ಲೇ ಕೂಗ್ಬೇಕು. ಊರಿಗೆ ಊರೇ ಕಾಯ್ತಿದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಬ್ರೆಡ್ಡು ಅನ್ನಲಾಗದವನು ಮೈಕು ಹಿಡಿಯುತ್ತಾನಂತೆ! ವೆಂಡೆಲ್ ಮಾತ್ರ ಆ ಹುಡುಗನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡು "ಹೌದು. ಹೌದು. ಹೌದು" ಅಂದ. ಕಣ್ಣಲ್ಲಿ ನೀರು. ನಾನು ಇಲ್ಲ ಅನ್ನುವುದು ಹೇಗೆ?

ಮೇ 10

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ನನಗೆ ಈ ಆಟ ಕಂಡರೆ ಆಗದು, ಊರಿಗೇ ಗೊತ್ತಿರುವ ವಿಷಯ. ವೆಂಡೆಲ್ ಹಗಲು ಅಂಚೆ ಕಚೇರಿಯಲ್ಲಿ, ಬೇಸಿಗೆಯ ಸಂಜೆಗಳೆಲ್ಲ ಮೈದಾನದ ಮೇಲಿನ ಆ ಗಾಜಿನ ಗೂಡಿನಲ್ಲಿ, ಮೈಕು ಹಿಡಿದು ಆಟಗಾರರ ಹೆಸರು ಕೂಗುತ್ತಾ. ಮಗಳ ಹುಟ್ಟುಹಬ್ಬಕ್ಕೆ ಬಂದದ್ದು ಕೇಕು ಮುಗಿದ ಮೇಲೆ. ಅಮ್ಮನ ತಿಥಿಯ ಊಟದಿಂದ ಎದ್ದು ಹೋದ, ಅವತ್ತು ಎರಡು ಮ್ಯಾಚು ಇತ್ತು ಅಂತ.

ಹೋಗಲಿ, ದೊಡ್ಡ ಲೀಗಿನ ಆಟವೇ ಅದು? ಅಲ್ಲ. ಮೇಲಿನವರು ಕರೆದಾರೆಂದು ಕಾಯುವ ಹುಡುಗರ ಆಟ. ಇವತ್ತು ಇದ್ದವನು ನಾಳೆ ಇಲ್ಲ. ಅಂಥವರ ಹೆಸರು ಸರಿಯಾಗಿ ಕೂಗಬೇಕೆಂದು ಪ್ರತಿ ಹೊಸ ಹುಡುಗನ ಹತ್ತಿರ ಹೋಗಿ "ನಿಮ್ಮಮ್ಮ ಹೇಗೆ ಕರೀತಾರೆ, ಹಾಗೇ ಹೇಳು" ಎಂದು ಕೇಳಿಕೊಂಡು ಬರುತ್ತಿದ್ದ. ಆಮೇಲೆ ಗಡ್ಡ ಹೆರೆಯುತ್ತಾ ಕನ್ನಡಿ ಮುಂದೆ ಅಭ್ಯಾಸ. ಎಲ್ಲಿಯದೋ ದ್ವೀಪದ ಹುಡುಗನ ಹೆಸರು ಒಂದು ವಾರ ನಮ್ಮ ಬಚ್ಚಲಿನಲ್ಲಿ ಮೊಳಗಿತು. ನನ್ನನ್ನು ಕರೆಯುತ್ತಿದ್ದದ್ದು "ಲೇ ಬರ್ನೀ, ಸಾಕ್ಸ್ ಎಲ್ಲೇ?" ಎಂದು.

ನಾನೂ ಹೆಸರು ಕರೆದವಳೇ. ದಂತವೈದ್ಯರ ಬಾಗಿಲಲ್ಲಿ ಕೂತು ಜೀವಮಾನವೆಲ್ಲ ಊರವರ ಹೆಸರು ಕರೆದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಮುಖ ಸಿಂಡರಿಸಿಕೊಂಡೇ ಎದ್ದರು.

ಮೇ 21

ಚರಿತ್ರೆಯಂತೆ, ಚರಿತ್ರೆ. ಓಟಿಸ್ ಟಿಲ್ಲರಿಯನ್ನು ಕರೆಸಿದೆ. ಅವನು ಹಿಂದೆ ಇದೇ ತಂಡಕ್ಕೆ ಆಡಲೆಂದು ಅಲಬಾಮಾದಿಂದ ಬಂದವನು. ದೊಡ್ಡ ಲೀಗಿನವರು ಕರೆಯಲಿಲ್ಲ, ಇಲ್ಲಿಯ ಹುಡುಗಿಯನ್ನೇ ಕಟ್ಟಿಕೊಂಡು, ಹಾರ್ಡ್‌ವೇರ್ ಅಂಗಡಿಯಿಟ್ಟು ಇಲ್ಲೇ ಉಳಿದ. ಅವನು ಹೊಡೆದ ಚೆಂಡು ಚರ್ಮದ ಕಾರ್ಖಾನೆಯ ಚಿಮಣಿಗೆ ಬಡಿದಿತ್ತು ಎನ್ನುವುದು ನಮ್ಮೂರ ಪುರಾಣ. ಅದನ್ನು ಕಣ್ಣಾರೆ ಕಂಡೆ ಎನ್ನುವವರನ್ನೆಲ್ಲ ಸೇರಿಸಿದರೆ ಆ ಮೈದಾನವಿರಲಿ, ಈ ಊರೇ ಸಾಲದು.

"ಯಾವ ವರ್ಷ ಅದು?" ಎಂದು ಕೇಳಿದೆ.

"ಎಪ್ಪತ್ತೇಳು. ಇಲ್ಲ, ಎಪ್ಪತ್ತೆಂಟು. ಚಿಮಣಿಗಲ್ಲ, ಪಕ್ಕದ ನೀರಿನ ಟ್ಯಾಂಕಿಗೆ ಅನ್ಸತ್ತೆ."

"ಓಟಿಸ್, ಹೊಡೆದವನು ನೀನೇ ತಾನೇ?"

"ನಾನು ಓಡ್ತಾ ಇದ್ದೆ ಕಣಮ್ಮ, ಚೆಂಡನ್ನ ನೋಡ್ಕೊಂಡು ನಿಲ್ಲೋಕಾಗತ್ತಾ?"

ಇವರನ್ನು ಕಟ್ಟಿಕೊಂಡು ನಾನು ಚರಿತ್ರೆ ಬರೆಯಬೇಕು.

ಜೂನ್ 2

ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಅಡುಗೆಮನೆಯ ಒಲೆಯ ಮೇಲುಗಡೆ ಕಣಜದ ಹುಳವೊಂದು ಗೂಡು ಕಟ್ಟಲು ಹೊಂಚುತ್ತಿತ್ತು. ವೆಂಡೆಲ್ ಮೇಜಿನ ಹತ್ತಿರ ಗಂಜಿ ತಿನ್ನುತ್ತಿದ್ದ. ನಾನು ಉದ್ದ ಕೋಲಿನ ಪೊರಕೆಯನ್ನು ಹೆಗಲ ಮೇಲಿಟ್ಟುಕೊಂಡು ಫ್ರಿಜ್ಜಿನ ಕಡೆಯಿಂದ ಒಲೆಯತ್ತ ಮೆಲ್ಲಗೆ ನಡೆದೆ. ಹಿಂದಿನಿಂದ ಒಂದು ದನಿ ಬಂತು. ದಪ್ಪಗೆ, ತುಂಬಿದ, ಮೈಕಿನ ದನಿ.

"ಈಗ ಬ್ಯಾಟಿಂಗಿಗೆ ಬರುತ್ತಿರುವವರು... ಸೆಕೆಂಡ್ ಬೇಸ್... ನಂಬರ್ ನಾಲ್ಕು... ಅಲಬಾಮಾದ ಯೂಫಾಲಾ ಊರಿನ... ಓಟಿಸ್... ಟಿಲ್ಲರೀ!"

ಪೊರಕೆ ಕೈಯಿಂದ ಜಾರಿತು. ತಿರುಗಿ ನೋಡಿದರೆ ಅವನು ನನಗಿಂತ ಗಾಬರಿಯಾಗಿದ್ದ. ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ. "ಇನ್ನೊಂದ್ಸಲ ಹೇಳು ವೆಂಡೆಲ್! ಏನಾದ್ರೂ ಹೇಳು!" ಎಂದು ಭುಜ ಹಿಡಿದು ಅಲುಗಿಸಿದೆ. "ಅದು... ಅದು... ಹಾಳಾಗ್ಹೋಗ್ಲಿ" ಅಂದ.

ನಾಲ್ಕು ತಿಂಗಳು ಒರೆಸಿದೆ, ತೊಳೆದೆ, ಉಣಿಸಿದೆ. ಕೊನೆಗೂ ಬಾಯಲ್ಲಿ ಬಂದ ಹೆಸರು ಹಾರ್ಡ್‌ವೇರ್ ಅಂಗಡಿಯ ಓಟಿಸನದು! ಕಣಜ ಇನ್ನೂ ಅಲ್ಲೇ ಇದೆ.

ಜೂನ್ 4

ನಾದಿಯಾ ಹೇಳುತ್ತಾಳೆ, ವರ್ಷಗಟ್ಟಲೆ ಹೇಳಿ ಹೇಳಿ ರೂಢಿಯಾದದ್ದು ಮಿದುಳಿನ ಬೇರೊಂದು ಕಡೆ ಉಳಿದುಕೊಂಡಿರುತ್ತದಂತೆ. ಕೆಲವರಿಗೆ ಜಪ ಬರುತ್ತದೆ, ಕೆಲವರಿಗೆ ಹಾಡು. ನನ್ನ ಗಂಡನಿಗೆ ಜಪ ಬರಲಿಲ್ಲ, ಅದೇನೂ ಆಶ್ಚರ್ಯವಲ್ಲ.

ಸುದ್ದಿ ತಿಳಿದು ಓಟಿಸ್ ಓಡಿಬಂದ. "ಇಷ್ಟು ವರ್ಷ ಬಟ್ಟೆ ಒಗೆದೋಳು ನೀನು, ಹೆಸರು ಬಂದಿದ್ದು ನಂದು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಂತು, ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. "ಯೂಫಾಲಾ ಅಂದ್ನಾ? ಯೂಫಾಲಾ ಅಂತ ಸರಿಯಾಗಿ ಅಂದ್ನಾ?" ಎಂದು ಎರಡು ಸಲ ಕೇಳಿದ.

ಜೂನ್ 13

ಗುಟ್ಟು ಗೊತ್ತಾಯಿತು. ಯಾರಾದರೂ ದೊಣ್ಣೆ ಹೆಗಲಿಗಿಟ್ಟುಕೊಂಡು ನಡೆಯಬೇಕು. ಕೂತರೆ ಇಲ್ಲ, ನಿಂತರೆ ಇಲ್ಲ. ಬ್ಯಾಟುಗಾರ ತನ್ನ ಸರದಿಗೆ ಕಾಯುವ ಜಾಗ ಬಿಟ್ಟು ಹೊರಟೊಡನೆ ಹೆಸರು ಕೂಗುವುದು ವೆಂಡೆಲನ ಪದ್ಧತಿ, ಒಂದು ಹೆಜ್ಜೆ ಮೊದಲೂ ಇಲ್ಲ, ನಂತರವೂ ಇಲ್ಲ. ಓಟಿಸನಿಗೆ ಮಂಡಿನೋವು. ನಾದಿಯಾ ನಡೆದರೆ ಅವನು ಅವಳನ್ನು ನೋಡಿ ನಗುತ್ತಾನೆ, ಅಷ್ಟೆ. ಹಾಗಾಗಿ ಪೊರಕೆ ನನ್ನ ಹೆಗಲಿಗೇ ಬಂತು. ನಾನು ವರ್ಷ ಹೇಳಿ ಫ್ರಿಜ್ಜಿನಿಂದ ಒಲೆಗೆ ನಡೆಯುತ್ತೇನೆ, ಅವನು ಆ ವರ್ಷದ ಒಂದೊಂದೇ ಹುಡುಗನನ್ನು ಸಾಲಾಗಿ ಕರೆಯುತ್ತಾನೆ. ಯಾವ ಸ್ಥಾನ, ಯಾವ ನಂಬರು, ಯಾವ ಊರು, ಯಾವ ಹೆಸರು. ನಾನು ಪೊರಕೆ ಒರಗಿಸಿ ಬರೆದುಕೊಳ್ಳುತ್ತೇನೆ. ಮತ್ತೆ ಫ್ರಿಜ್ಜಿಗೆ ವಾಪಸ್.

ಇವತ್ತು ಎಂಬತ್ತೊಂದನೇ ಇಸವಿ ಮುಗಿಸಿದೆ. ಸೊಂಟ ಬಿದ್ದುಹೋಗಿದೆ. ಪಕ್ಕದ ಮನೆಯವಳು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡಳು. ಏನಾದರೂ ಅಂದುಕೊಳ್ಳಲಿ.

ಜೂನ್ 24

ನಿನ್ನೆ ರಾತ್ರಿ ರೇಡಿಯೋದಲ್ಲಿ ಮ್ಯಾಚು ಹಾಕಿಟ್ಟೆ, ವೆಂಡೆಲ್‌ಗೆ ಬೇಗ ನಿದ್ದೆ ಬರಲಿ ಅಂತ. ಅವನು ನಿದ್ದೆ ಹೋದ ಮೇಲೂ ಆಫ್ ಮಾಡಲಿಲ್ಲ, ಗುಂಡಿ ಅವನ ಕಡೆಗಿತ್ತು. ನಾವು ಸೋತೆವು. ಕೊನೆಯ ಇನಿಂಗ್ಸಿನಲ್ಲಿ ಅಂಥ ಹೊತ್ತಲ್ಲಿ ಮೆಲ್ಲಗೆ ತಟ್ಟಿ ಓಡು ಎಂದು ಯಾರು ಹೇಳಿಕೊಟ್ಟರೋ ಆ ಹುಡುಗನಿಗೆ! ಬೀಸಿ ಹೊಡೆಯುವುದು ಬಿಟ್ಟು!

ಇಡೀ ಆಟದಲ್ಲಿ ತಲೆ ಸರಿಯಿರುವವನು ಕ್ಯಾಚರ್ ಒಬ್ಬನೇ. ವೆಂಡೆಲ್‌ಗೂ ಬೆಳಿಗ್ಗೆ ಅದನ್ನೇ ಹೇಳಿದೆ: "ನೋಡು, ಎಲ್ರೂ ಬಿಸಿಲಲ್ಲಿ ಕೈಕಟ್ಟಿ ನಿಂತಿರ್ತಾರೆ. ಅವನೊಬ್ಬ ಬ್ಯಾಟುಗಾರನ ಹಿಂದೆ ಹೊತ್ತಿಡೀ ಕುಕ್ಕರಗಾಲಲ್ಲಿ ಧೂಳಲ್ಲಿ ಕೂತು, ಎಸೆದದ್ದೆಲ್ಲ ಹಿಡಿದು, ತಪ್ಪಿದ್ದು ಮೈಮೇಲೆ ತಿಂದು, ಎಸೆಯೋನಿಗೆ ಬುದ್ಧೀನೂ ಹೇಳ್ಬೇಕು. ಚಪ್ಪಾಳೆ ಮಾತ್ರ ಬೇರೆಯೋರಿಗೆ." ವೆಂಡೆಲ್ ಚಮಚ ಕೆಳಗಿಟ್ಟು ನನ್ನನ್ನೇ ನೋಡಿ "ಹೌದು" ಅಂದ. ಯಾವುದಕ್ಕೆ ಹೌದೋ, ದೇವರೇ ಬಲ್ಲ.

ಜುಲೈ 5

ಮಾಡಬಾರದ ಕೆಲಸ ಮಾಡಿದೆ.

ನಿನ್ನೆ ಸ್ವಾತಂತ್ರ್ಯ ದಿನದ ಹಬ್ಬ. ಮಗಳು ಫೋನು ಮಾಡಿದ್ದಳು, ಅವಳ ಹೆಸರೂ ಅವನಿಗೆ ಬರಲಿಲ್ಲ. ಅವಳು ಅತ್ತಳು. ಇವತ್ತು ಬೆಳಿಗ್ಗೆ ನಾನು ಇಸವಿ ಹೇಳದೆ ಪೊರಕೆ ಹೆಗಲಿಗೇರಿಸಿ ನಡೆದೆ. "ಈಗ ಯಾರು ವೆಂಡೆಲ್? ನೋಡು, ಯಾರು ಬರ್ತಿರೋದು? ನಾನು. ನನ್ನ ಹೆಸರು ಕೂಗು. ಬರ್ನಡೀನ್. ಒಂದೇ ಸಲ."

"ಈಗ ಬ್ಯಾಟಿಂಗಿಗೆ..." ಎಂದು ಶುರು ಮಾಡಿದ. ನಿಂತ. "ಅದು..." ಅಂದ. ತುಟಿ ಒದ್ದಾಡಿತು, ಕುತ್ತಿಗೆಯ ನರ ಉಬ್ಬಿತು. ನಾನು ಮತ್ತೆ ಫ್ರಿಜ್ಜಿಗೆ ಹೋಗಿ ಮತ್ತೆ ನಡೆದೆ. ಮತ್ತೆ. ಕೊನೆಗೆ ಅವನು ಮೇಜಿಗೆ ಗುದ್ದಿ, ಮುಖವನ್ನು ತೋಳಿನಲ್ಲಿ ಹುದುಗಿಸಿ ಅತ್ತುಬಿಟ್ಟ.

ತಂಡಕ್ಕೆ ಬಂದು ಹೋದ ಹುಡುಗರೆಲ್ಲ ಆ ತಲೆಯಲ್ಲಿದ್ದಾರೆ, ನಾನಿಲ್ಲ. ಇದನ್ನು ಬರೆಯುವಾಗ ಹೊಟ್ಟೆಯುರಿಯುತ್ತದೆ, ಬರೆದೇಬಿಟ್ಟೆ. ಇನ್ನು ಯಾವತ್ತೂ ಕೇಳುವುದಿಲ್ಲ. ಕೇಳಿದರೆ ನಾನು ಬರ್ನಡೀನ್ ಅಲ್ಲ.

ಜುಲೈ 6

ತೊಂಬತ್ತನೇ ಇಸವಿ. ಒಂಬತ್ತು ಹುಡುಗರು.

ಜುಲೈ 19

ಮೈದಾನಕ್ಕೆ ಫೋನು ಮಾಡಿ ಗ್ಯಾರೆಟ್‌ಗೆ ಸರಿಯಾಗಿ ಬೈದೆ. ವೆಂಡೆಲನ ಜಾಗದಲ್ಲಿ ಕೂತಿರುವ ಆ ಹೊಸ ಅನೌನ್ಸರ್ ನಮ್ಮ ಕ್ಯಾಚರ್ ಪೆಗೆರೋನ ಹೆಸರನ್ನು ದಿನಕ್ಕೊಂದು ಥರ ಕೂಗುತ್ತಾನೆ. ರೇಡಿಯೋದಲ್ಲಿ ಹಿಂದುಗಡೆ ಕೇಳಿಸುತ್ತದೆ, ನನಗೇನು ಕಿವುಡೇ?

"ಹೋಗಿ ಆ ಹುಡುಗನ್ನೇ ಕೇಳ್ಕೊಂಡು ಬರೋಕ್ಕೆ ಏನು ಕಷ್ಟ ಅವನಿಗೆ?" ಅಂದೆ. "ಅವರಮ್ಮ ಹೇಗೆ ಕರೀತಾರೆ ಅಂತ ಕೇಳೋಕ್ಕೆ ಹೇಳು."

"ನೀವು ಮ್ಯಾಚ್ ಕೇಳ್ತೀರಾ ಮಿಸೆಸ್ ಕುಬಿಯಾಕ್?"

"ನಾನ್ಯಾಕೆ ಕೇಳ್ಲಿ! ವೆಂಡೆಲ್ ಹಾಕ್ಕೊಂಡಿರ್ತಾನೆ."

ವೆಂಡೆಲ್ ಆಗ ಹಿತ್ತಲಿನಲ್ಲಿ ಟೊಮೇಟೊ ಗಿಡದ ಹತ್ತಿರ ಇದ್ದ ಅನ್ನುವುದು ಗ್ಯಾರೆಟ್‌ಗೆ ಗೊತ್ತಾಗುವ ಅಗತ್ಯವಿರಲಿಲ್ಲ.

ಆಗಸ್ಟ್ 6

ಪುಸ್ತಕದ ಕರಡು ತೆಗೆದುಕೊಂಡು ಕ್ಲಬ್ಬಿಗೆ ಹೋದೆ. ಗ್ಯಾರೆಟ್ ಹಾಳೆ ತಿರುವಿ ತಿರುವಿ ತಲೆ ಕೆರೆದುಕೊಂಡ.

"ಇದೇನಿದು? ಬರೀ ಹೆಸರು, ಊರು?"

"ಮತ್ತೇನಿರ್ಬೇಕಿತ್ತು?"

"ದೊಡ್ಡ ಲೀಗಿಗೆ ಹೋದ ಮೂರು ಜನ ಇದಾರಲ್ಲ, ಅವರ ಫೋಟೋ, ಅವರ ಕತೆ. ಜನ ಅದನ್ನ ಓದ್ತಾರೆ. ಈ ಉಳಿದೋರೆಲ್ಲ ಯಾರು? ಒಂದು ಬೇಸಿಗೆ ಇದ್ದು ಹೋದೋರು. ಇವರನ್ನ ಯಾರಮ್ಮ ಓದ್ತಾರೆ?"

ಸಿಟ್ಟು ನೆತ್ತಿಗೇರಿತು. "ಮೇಲೆ ಹೋದೋರ ಚರಿತ್ರೆ ಮೇಲಿನೋರು ಬರ್ಕೊಳ್ಳಲಿ. ಇಲ್ಲಿ ಇದ್ದೋರದ್ದು ನಾನು ಬರೀತೀನಿ. ಎಂಬತ್ನಾಲ್ಕರಲ್ಲಿ ನೆಬ್ರಾಸ್ಕಾದಿಂದ ಬಂದ ಹುಡುಗ, ಎರಡೇ ವಾರ ಆಡಿ ಕೈ ಮುರ್ಕೊಂಡು ಹೋದ. ವೆಂಡೆಲ್ ಅವನ ಊರಿನ ಹೆಸರೂ ಮರೆತಿಲ್ಲ. ಮರೆಯದೆ ಇರೋ ಒಬ್ಬ ಇದ್ದಾನಲ್ಲ ಈ ಊರಲ್ಲಿ, ಅದು ಚರಿತ್ರೆ ಅಲ್ವಾ? ಚೀಸಿನ ತುಂಡಿಗೆ ಟೋಪಿ ಹಾಕೋದು ಚರಿತ್ರೆಯಾ?"

ಅವನು ಪೆನ್ನಿನ ಮುಚ್ಚಳ ಕಚ್ಚಿದ. "ಸರಿ. ಎರಡೂ ಹಾಕೋಣ" ಅಂದ. ಹುಡುಗ ಅಷ್ಟೇನೂ ಕೆಟ್ಟವನಲ್ಲ. ಮೀಸೆ ತೆಗೆಯಬೇಕು, ಅಷ್ಟೆ.

ಆಗಸ್ಟ್ 20

ಅಭ್ಯಾಸ ನಡೆದಿದೆ. ಕೊನೆಯ ಮ್ಯಾಚಿನ ಮೊದಲ ಬ್ಯಾಟುಗಾರ ಅಯೋವಾದ ಕಾಲ್ಟನ್ ರೀಸ್, ಸೆಂಟರ್ ಫೀಲ್ಡ್, ನಂಬರ್ ಇಪ್ಪತ್ತೆರಡು. ಹೊಸ ಹೆಸರು, ವೆಂಡೆಲನ ತಲೆಯಲ್ಲಿಲ್ಲ. ಮೊದಲೆರಡು ದಿನ ನಾನು ನಡೆದಾಗಲೆಲ್ಲ ಓಟಿಸನನ್ನೇ ಕರೆದ. ಗ್ಯಾರೆಟ್ ಆ ಹುಡುಗನನ್ನೇ ಮನೆಗೆ ಕಳಿಸಿದ. ಆರಡಿ ಮೇಲಿನ ಆಸಾಮಿ, ಬಾಗಿಲಲ್ಲಿ ಟೋಪಿ ತೆಗೆದು ನಿಂತ. ನಾನು ಬೇಯಿಸಿದ ಬಟಾಣಿ ಕ್ಯಾಸರೋಲ್ ಮುಕ್ಕಾಲು ಪಾಲು ಖಾಲಿ ಮಾಡಿ, ಪೊರಕೆ ಹೊತ್ತು ಅಡುಗೆಮನೆಯಲ್ಲಿ ನಡೆದ. ವೆಂಡೆಲ್ ಅವನ ಮುಖ, ನಡಿಗೆ ನೋಡುತ್ತಾ ಕೂತ. ಮೂರನೇ ಮಧ್ಯಾಹ್ನ ದನಿ ಬಂತು: "...ಕಾಲ್ಟನ್... ರೀಸ್!" ಹುಡುಗ ಪೊರಕೆ ಎತ್ತಿ ಕುಣಿದಾಗ ದೀಪದ ಬುರುಡೆ ಒಡೆಯಿತು.

ಆಗಸ್ಟ್ 30

ನಿದ್ದೆಯಿಲ್ಲ. ಅಷ್ಟು ಜನರ ಮುಂದೆ ಬಾಯಿ ಕಟ್ಟಿಹೋದರೆ? ನನ್ನ ಮುಂದೆ ಅತ್ತದ್ದು ಸಾಲದೆ? ಗ್ಯಾರೆಟ್‌ಗೆ ಫೋನು ಮಾಡಿ ಬೇಡ ಅಂದುಬಿಡೋಣ ಎಂದು ಹೊರಟೆ. ವೆಂಡೆಲ್ ಬಂದು ಫೋನಿನ ಮೇಲೆ ಕೈಯಿಟ್ಟ. ಮೊಂಡ. ಮದುವೆಯಾದಾಗಿನಿಂದಲೂ ಹೀಗೇ.

ಸೆಪ್ಟೆಂಬರ್ 7

ನಿನ್ನೆಯದನ್ನು ಇವತ್ತು ಬೆಳಿಗ್ಗೆ ಬರೆಯುತ್ತಿದ್ದೇನೆ.

ಮೈದಾನ ತುಂಬಿತ್ತು. ಹುರಿದ ಸಾಸೇಜಿನ ಹೊಗೆ, ಗಂಟಲು ಹರಿಯುವಂತೆ ಕೂಗುವ ಮಕ್ಕಳು. ಬಾಗಿಲಲ್ಲಿ ನನ್ನ ಪುಸ್ತಕ ಹಂಚುತ್ತಿದ್ದರು. ಬೊಕ್ಕತಲೆಯ ಮುದುಕನೊಬ್ಬ ಮೆಟ್ಟಿಲ ಮೇಲೆ ಕೂತು ಹಾಳೆಯ ಮೇಲೆ ಬೆರಳಿಟ್ಟು ಹೆಂಡತಿಗೆ ತೋರಿಸುತ್ತಿದ್ದ, "ನೋಡೇ, ಇದು ನಾನು." ನಾನು ನಿಲ್ಲಲಿಲ್ಲ, ಮೇಲೆ ಹತ್ತಿಸಬೇಕಾದವನೊಬ್ಬ ಇದ್ದನಲ್ಲ.

ಓಟಿಸ್ ಒಂದು ಕಡೆ, ನಾನೊಂದು ಕಡೆ ಹಿಡಿದು ವೆಂಡೆಲನನ್ನು ಗಾಜಿನ ಗೂಡಿಗೆ ಹತ್ತಿಸಿದೆವು. ತನ್ನ ಹಳೆಯ ಕುರ್ಚಿಯಲ್ಲಿ ಕೂತು ಮೈಕನ್ನು ಎಡಗೈಯಿಂದ ತನ್ನ ಕಡೆ ಎಳೆದುಕೊಂಡ. ಗ್ಯಾರೆಟ್ ಗುಂಡಿ ಒತ್ತಿದ, ಕೆಂಪು ದೀಪ ಹತ್ತಿತು. ಜನವೆಲ್ಲ ನಮ್ಮ ಕಡೆ ತಿರುಗಿ ಎದ್ದು ನಿಂತಿತು. ಆಮೇಲೆ ಸದ್ದಡಗಿತು.

ವೆಂಡೆಲ್ ಕೆಳಗೆ ಕಾಲ್ಟನನ್ನೇ ನೋಡುತ್ತಾ ಕೂತ. ಕಾಲ್ಟನ್ ಬ್ಯಾಟು ಹೆಗಲಿಗಿಟ್ಟು ತನ್ನ ಸರದಿಯ ಜಾಗದಲ್ಲೇ ಮೇಲಕ್ಕೆ ನೋಡುತ್ತಾ ನಿಂತ. ಅವನು ಕದಲಲೊಲ್ಲ.

"ಅವನ್ಯಾಕೆ ಹೊರಡ್ತಿಲ್ಲ?" ಎಂದು ಗ್ಯಾರೆಟನ ತೋಳು ಹಿಡಿದು ಪಿಸುಗುಟ್ಟಿದೆ.

"ನಾನೇ ಹೇಳಿದೀನಿ, ವೆಂಡೆಲ್ ಹೆಸರು ಕೂಗಿ ಮುಗಿಸೋವರೆಗೂ ಒಂದ್ ಹೆಜ್ಜೆನೂ ಇಡಬೇಡ ಅಂತ. ಮರ್ಯಾದೆ ಅಲ್ವಾ, ಮುಖ್ಯವಾದ ಘಳಿಗೆ ಇದು..."

"ಅಯ್ಯೋ ಮಂಕೇ! ಅವನು ನಡೆಯದೆ ಇವನ ಬಾಯಿ ಬಿಚ್ಚಲ್ಲ ಕಣೋ!"

ಅವನ ಮುಖ ಬಿಳಿಚಿತು. ಬೇಸಿಗೆಯಿಡೀ ಪೊರಕೆ ಹೊತ್ತಿದ್ದೇವೆ, ಈ ಬುದ್ಧಿವಂತನಿಗೆ ಇಷ್ಟು ಹೊಳೆಯಲಿಲ್ಲ. ಗಾಜಿಗೆ ಬಡಿದು ಕೈ ಬೀಸಿದೆ, ಕಾಲ್ಟನ್ ನನಗೆ ಟೋಪಿ ಎತ್ತಿ ನಮಸ್ಕರಿಸಿದ! ಇವನು ಕೂಗಲಿ ಎಂದು ಅವನು, ಅವನು ನಡೆಯಲಿ ಎಂದು ಇವನು. ಅಂಪೈರು ಎರಡೂ ಕೈ ಚೆಲ್ಲಿ ನಮ್ಮತ್ತ ನೋಡಿದ. ಜನರಲ್ಲಿ ಗುಜುಗುಜು ಶುರುವಾಯಿತು. ಯಾರೋ "ಪಾಪ" ಅಂದದ್ದು ನನಗೆ ಕೇಳಿಸಿತು. ವೆಂಡೆಲನ ಕುತ್ತಿಗೆಯ ನರ ಉಬ್ಬತೊಡಗಿತು, ತುಟಿ ಒದ್ದಾಡತೊಡಗಿತು. ಜುಲೈಯ ಬೆಳಗು ಮತ್ತೆ ಕಣ್ಣೆದುರಿಗೆ ಬಂತು. ಇಡೀ ಊರಿನ ಮುಂದೆ ಅವನು ಅಳುವುದಕ್ಕೆ ನಾನು ಬಿಡುವವಳಲ್ಲ.

ಮೂಲೆಯಲ್ಲಿ ಯಾರದೋ ಕೊಡೆ ಒರಗಿತ್ತು. ತೆಗೆದು ಹೆಗಲಿಗೇರಿಸಿದೆ. ಅವನ ಮತ್ತು ಗಾಜಿನ ನಡುವೆ, ಈ ಗೋಡೆಯಿಂದ ಆ ಗೋಡೆಗೆ, ಫ್ರಿಜ್ಜಿನಿಂದ ಒಲೆಗೆ ನಡೆದ ಹಾಗೆಯೇ ನಡೆದೆ. ಕಾಲ್ಟನ್, ಕಾಲ್ಟನ್ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದೆ.

ವೆಂಡೆಲನ ಕಣ್ಣು ಮೈದಾನ ಬಿಟ್ಟು ನನ್ನ ಮೇಲೆ ನಿಂತಿತು.

"ಈಗ ಬ್ಯಾಟಿಂಗಿಗೆ ಬರುತ್ತಿರುವವರು..."

ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಮೊಳಗಿದವು.

"...ಕ್ಯಾಚರ್..."

ಕಾಲ್ಟನ್ ಕ್ಯಾಚರ್ ಅಲ್ಲ. ಕೆಟ್ಟಿತು ಅಂದುಕೊಂಡೆ, ಆದರೂ ಕಾಲು ನಿಲ್ಲಿಸಲಿಲ್ಲ. ನಂಬರು ಬರಬೇಕಾದ ಕಡೆ ಅವನು ಸ್ವಲ್ಪ ತಡೆದ, ಅದನ್ನು ಬಿಟ್ಟು ಮುಂದಕ್ಕೆ ಹೋದ.

"...ನಮ್ಮ ಹ್ಯಾಲೆಟ್ ಊರಿನವರೇ ಆದ... ಬರ್ನಡೀನ್... ಕುಬಿಯಾಕ್!"

ನಾನು ಕೊಡೆ ಹೊತ್ತುಕೊಂಡೇ ನಿಂತುಬಿಟ್ಟೆ. ಕೆಳಗೆ ಎದ್ದ ಕೂಗಿಗೆ ಗಾಜು ಅದುರಿತು. ಓಟಿಸ್ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ, ನಗುತ್ತಲೂ ಇದ್ದ. ಅಷ್ಟರಲ್ಲಿ ಕಾಲ್ಟನ್, ಹೆಸರು ಯಾರದಾದರೇನು ಕೂಗಿದ್ದಾಯಿತಲ್ಲ ಎಂದು ಹೊರಟ. ಅವನು ನಡೆದದ್ದು ಕಂಡೊಡನೆ ವೆಂಡೆಲ್ ಅವನನ್ನೂ ಕರೆದ. ಸ್ಥಾನ, ನಂಬರು, ಊರು, ಹೆಸರು, ಒಂದೂ ತಪ್ಪಲಿಲ್ಲ.

ಆಮೇಲೆ ಮೈಕು ಆರಿಸಿ ನನ್ನ ಕಡೆ ತಿರುಗಿದ. ಬೆವರಿದ್ದ, ಮುಖ ಅರಳಿತ್ತು. ನಾನು ಕೊಡೆಯನ್ನು ಮತ್ತೆ ಮೂಲೆಗೆ ಒರಗಿಸಿದೆ. "ಕ್ಯಾಚರ್ ಅಂತೆ, ಕ್ಯಾಚರ್! ಬೇರೆ ಜಾಗ ಸಿಗ್ಲಿಲ್ವಾ ನಿಂಗೆ?" ಅಂದೆ.

"ಹೌದು" ಅಂದ.

ನಾವು ಐದು-ನಾಲ್ಕರಲ್ಲಿ ಗೆದ್ದೆವು. ಪೆಗೆರೋ ಒಂದು ಚೆಂಡನ್ನು ಬೇಲಿಯಾಚೆ ಕಳಿಸಿದ. ಇರಲಿ, ಅವನಿಗೂ ಒಂದು ಚಪ್ಪಾಳೆ ಬೇಕಿತ್ತು.

ಸೆಪ್ಟೆಂಬರ್ 12

ಗ್ಯಾರೆಟ್ ಬಂದಿದ್ದ. ಮೀಸೆ ತೆಗೆದಿದ್ದಾನೆ. ಮುಂದಿನ ವರ್ಷದ ಟೋಪಿ ಎರಡು ತಂದುಕೊಟ್ಟ, ಮೂಗು ಮುಚ್ಚಿಕೊಂಡ ಚೀಸಿನದು. ಇದನ್ನು ತಲೆಗೆ ಹಾಕಿಕೊಳ್ಳುವವರು ಉಂಟೇ ಎಂದು ಜರೆದೆ. ಹಿತ್ತಲಿನಲ್ಲಿ ಬಿಸಿಲು ಜಾಸ್ತಿಯಿತ್ತು, ಟೊಮೇಟೊ ಕೀಳುವಾಗ ಹಾಕಿಕೊಂಡೆ, ಅಷ್ಟೆ. ನಮ್ಮವರು ಮುಂದಿನ ಏಪ್ರಿಲ್ ಹತ್ತನೇ ತಾರೀಖು ಶುರು ಮಾಡುತ್ತಾರಂತೆ.

ಅವತ್ತಿನಿಂದ ವೆಂಡೆಲ್ ನನ್ನ ಹೆಸರು ಮತ್ತೆ ಹೇಳಿಲ್ಲ. ಮತ್ತೆ ಬರಬಹುದು, ಬಾರದೆಯೂ ಇರಬಹುದು ಎಂದಳು ನಾದಿಯಾ. ನಾನು ಕೇಳುವುದಿಲ್ಲ. ಕೇಳುವುದಿಲ್ಲ ಎಂದು ಜುಲೈಯಲ್ಲೇ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಅವನು ಗಂಜಿ ತಿನ್ನುತ್ತಿದ್ದಾಗ ಪೊರಕೆ ಹೆಗಲಿಗಿಟ್ಟು ಫ್ರಿಜ್ಜಿನಿಂದ ಒಲೆಯವರೆಗೆ ನಡೆದೆ. ಮತ್ತೆ ವಾಪಸು ಹೋಗಿ ಮತ್ತೆ ನಡೆದೆ. ನೆಲ ಚೊಕ್ಕಟವಾಗಿಯೇ ಇತ್ತು.